ನೀತಿ ಅಂದ್ರೆ ಆಯಾ ಊರಿನ ರೂಢಿ ಅಷ್ಟೇನಾ?

ಗದಗಿನ ಓದುಗರೊಬ್ಬರ ಪ್ರಶ್ನೆ: "ಒಬ್ಬರಿಗೆ ಸರಿ ಅನಿಸಿದ್ದು ಇನ್ನೊಬ್ಬರಿಗೆ ತಪ್ಪು ಅನಿಸುತ್ತದೆ. ಹಾಗಾದರೆ ನೀತಿ ಅಂದ್ರೆ ಆಯಾ ಜನರ ರೂಢಿ ಅಷ್ಟೇ ಅಲ್ವಾ?"

ಅಷ್ಟೇ ಅಲ್ಲ. ಆದರೆ ಈ ಅನುಮಾನ ಬಹಳ ಹಳೆಯದು, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಸುಮಾರು 2,400 ವರ್ಷಗಳ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಪರ್ಷಿಯಾದ ದೊರೆ ಡೇರಿಯಸ್ ಕೆಲವು ಗ್ರೀಕರನ್ನು ಕರೆಸಿ, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯ ದೇಹವನ್ನು ತಿನ್ನುತ್ತೀರಿ ಎಂದು ಕೇಳಿದ. ಏನು ಕೊಟ್ಟರೂ ಆಗದು ಅಂದರು. ಹಾಗೆ ತಿನ್ನುವುದೇ ರೂಢಿಯಾಗಿದ್ದ ಕಲ್ಲಾಟಿಯರು ಎಂಬ ಜನರನ್ನು ಕರೆಸಿ, ಎಷ್ಟು ಕೊಟ್ಟರೆ ಗ್ರೀಕರಂತೆ ತಂದೆಯನ್ನು ಸುಡುತ್ತೀರಿ ಎಂದು ಕೇಳಿದ. ಅವರು ಅಂಥ ಮಾತನ್ನೇ ಆಡಬೇಡಿ ಎಂದು ಕೂಗಿಕೊಂಡರು.

ಹುಬ್ಬಳ್ಳಿ-ಧಾರವಾಡದ ಒಂದೇ ಓಣಿಯಲ್ಲೂ ಇಂಥ ವ್ಯತ್ಯಾಸ ಕಾಣುತ್ತದೆ. ಲಿಂಗಾಯತರಲ್ಲಿ ದೇಹವನ್ನು ಕೂರಿಸಿ ಹೂಳುತ್ತಾರೆ. ಮುಸ್ಲಿಮರಲ್ಲಿ ಮಲಗಿಸಿ ಹೂಳುತ್ತಾರೆ. ಬ್ರಾಹ್ಮಣರಲ್ಲಿ ಸುಡುತ್ತಾರೆ. ರೂಢಿ ಬೇರೆ ಬೇರೆ. ಆದರೆ ಹೆತ್ತವರ ದೇಹಕ್ಕೆ ಅಗೌರವ ಆಗಬಾರದು ಅನ್ನುವುದರಲ್ಲಿ ಈ ಮನೆಗಳಿಗೂ, ಡೇರಿಯಸನ ಮುಂದೆ ನಿಂತವರಿಗೂ ಜಗಳವೇ ಇಲ್ಲ. ಮೇಲ್ನೋಟಕ್ಕೆ ಕಾಣುವಷ್ಟು ದೂರ ನಾವಿಲ್ಲ.

ಜನ ಯಾವುದನ್ನು ಸರಿ ಅಂದುಕೊಂಡಿದ್ದಾರೆ ಅನ್ನುವುದು ಒಂದು ಪ್ರಶ್ನೆ. ಅದು ನಿಜಕ್ಕೂ ಸರಿಯೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮನೆಮನೆಗೆ ಹೋಗಿ ಕೇಳಿದರೆ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಕಾರಣ ಕೊಡಬೇಕು. ನೀತಿಶಾಸ್ತ್ರದ ಕೆಲಸ ಶುರುವಾಗುವುದೇ ಇಲ್ಲಿ. ರೂಢಿಯೇ ನೀತಿಯಾದರೆ, 12ನೇ ಶತಮಾನದಲ್ಲಿ ಜಾತಿಯ ಮೇಲು-ಕೀಳನ್ನು ಪ್ರಶ್ನಿಸಿದ ಶರಣರು, ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿ 16ನೇ ಶತಮಾನದಲ್ಲಿ ಅದನ್ನೇ ಪ್ರಶ್ನಿಸಿದ ಕನಕದಾಸರು, ಎಲ್ಲರೂ ತಪ್ಪು ಮಾಡಿದರು ಅನ್ನಬೇಕಾಗುತ್ತದೆ. ಅವರ ಕಾಲದ ರೂಢಿ ಅವರ ವಿರುದ್ಧವೇ ಇತ್ತಲ್ಲ! ಇದನ್ನು ಒಪ್ಪಲು ನನ್ನಿಂದಂತೂ ಆಗದು.

ಕಾನೂನೂ ನೀತಿಯೂ ಒಂದೇ ಅಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅದಕ್ಕೂ ಮೊದಲು ತಗೊಂಡ ವರದಕ್ಷಿಣೆ ಸರಿಯಾಗಿತ್ತು ಅಂತ ಯಾರಾದರೂ ಹೇಳುತ್ತಾರಾ?

ಅದು ಯಾಕೆ ತಪ್ಪು? ಇಂಗ್ಲೆಂಡಿನ ತತ್ವಜ್ಞಾನಿಗಳಾದ ಬೆಂಥಮ್ ಮತ್ತು ಮಿಲ್ ಪರಿಣಾಮ ನೋಡಿ ಅನ್ನುತ್ತಾರೆ: ಅಪ್ಪ ಎರೆಹೊಲ ಮಾರುತ್ತಾನೆ, ಒಂದು ಮನೆ ಸಾಲದಲ್ಲಿ ಮುಳುಗುತ್ತದೆ, ಒಟ್ಟಿನಲ್ಲಿ ಸುಖಕ್ಕಿಂತ ನೋವೇ ಜಾಸ್ತಿ. ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಬರೆದದ್ದು ಬೇರೆ. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂದ. ಇಲ್ಲಿ ಹುಡುಗಿ ಹಣ ತರುವ ಸಾಧನವಾಗುತ್ತಾಳೆ. ಹಳೆಯ ಗ್ರೀಸಿನ ತತ್ವಜ್ಞಾನಿ ಅರಿಸ್ಟಾಟಲ್‌ನ ದಾರಿಯಲ್ಲಿ ಹೋದರೆ, ಹೀಗೆ ಕೈಚಾಚುತ್ತಾ ನಾನು ಎಂಥ ಮನುಷ್ಯನಾಗುತ್ತೇನೆ ಎಂದು ಕೇಳಿಕೊಳ್ಳಬೇಕು.

ಇಲ್ಲಿ ಮೂರೂ ದಾರಿಗಳು ಒಂದೇ ಕಡೆ ಬಂದು ಸೇರುತ್ತವೆ. ಎಲ್ಲ ಸಲ ಹಾಗಾಗದು. ಅಜ್ಜಿಗೆ ಕ್ಯಾನ್ಸರ್ ಇದೆ ಎಂದು ಡಾಕ್ಟರ್ ಹೇಳಿದ್ದಾರೆ. ಮನೆಯವರು, "ಅವರಿಗೆ ಹೇಳಬೇಡಿ, ಧೈರ್ಯಗೆಡುತ್ತಾರೆ" ಅನ್ನುತ್ತಾರೆ. ನಮ್ಮ ಕಡೆ ಇದೇ ರೂಢಿ, ಪ್ರೀತಿಯಿಂದಲೇ ಬಂದದ್ದು. ಪರಿಣಾಮ ಲೆಕ್ಕ ಹಾಕುವವರು ಮುಚ್ಚಿಡಲು ಒಪ್ಪಲೂಬಹುದು. ಕಾಂಟ್‌ಗೆ ಸುಳ್ಳು ಯಾವತ್ತೂ ಸಲ್ಲದು. ಅರಿಸ್ಟಾಟಲ್‌ನ ದಾರಿಯವರು ಹೊತ್ತು, ಮಾತಿನ ರೀತಿ ನೋಡಿ ಅನ್ನುತ್ತಾರೆ. ನಾನಂತೂ ಅಜ್ಜಿಗೆ ಹೇಳಬೇಕು ಅನ್ನುವವರ ಕಡೆಗೇ ಇದ್ದೇನೆ. ಉಳಿದ ದಿನಗಳು ಅಜ್ಜಿಯವು. ಆಸ್ತಿ ಹಂಚಬೇಕೋ, ಮಾತು ಬಿಟ್ಟ ತಂಗಿಯನ್ನು ಕರೆಸಬೇಕೋ, ಅದು ಅವರ ತೀರ್ಮಾನ. ಆದರೆ ಎಷ್ಟು ತಿಳಿಯಬೇಕು ಅನ್ನುವುದನ್ನೂ ಅವರಿಗೇ ಬಿಡಬಹುದು. "ಅಮ್ಮಾ, ಡಾಕ್ಟರ್ ಹೇಳಿದ್ದನ್ನೆಲ್ಲ ನಿನಗೂ ಹೇಳ್ಲೇನು?" ಎಂದು ಮೊದಲು ಕೇಳಬಹುದು.