ಕರುಳಿನಲ್ಲಿ ಚೀಲ ಇದ್ದವರು ಪರಿಷೆಯ ಕಡಲೆಕಾಯಿ ತಿನ್ನಬಹುದಾ?

ತಿನ್ನಬಹುದು. ನೋವು, ಜ್ವರ ಇಲ್ಲದ ದಿನಗಳಲ್ಲಿ ಧಾರಾಳವಾಗಿ ತಿನ್ನಿ. ಕಾರ್ತಿಕದಲ್ಲಿ ಬಸವನಗುಡಿ ಪರಿಷೆ ಹತ್ತಿರ ಬಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಆಮೇಲೆ ಸೀಬೆಹಣ್ಣು, ಟೊಮೆಟೊ, ಎಳ್ಳು ಅಂತ ಸಾಲು ಸಾಲಾಗಿ ಕೇಳುತ್ತಾರೆ. ಎಲ್ಲದಕ್ಕೂ ನನ್ನ ಉತ್ತರ ಒಂದೇ.

ದೊಡ್ಡಕರುಳಿನ ಗೋಡೆಗೆ ರಕ್ತನಾಳಗಳು ಒಳಹೊಗುವ ಕಡೆ ಬಲ ಕಡಿಮೆ. ಹಳೇ ಸೈಕಲ್ ಟ್ಯೂಬ್ ಉಬ್ಬಿದ ಹಾಗೆ ಅಲ್ಲಲ್ಲಿ ಸಣ್ಣ ಚೀಲಗಳು ಹೊರಬರುತ್ತವೆ. ವಯಸ್ಸಾದ ಹಾಗೆ ಇದು ಜಾಸ್ತಿ. ಹೆಚ್ಚಿನವರಿಗೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ. ಚೀಲ ಊದಿಕೊಂಡು ನೋವು, ಜ್ವರ ಬಂದರೆ ಅದು ಡೈವರ್ಟಿಕ್ಯುಲೈಟಿಸ್, ಅಂದರೆ ಚೀಲದ ಉರಿಯೂತ.

"ಬೀಜ ಹೋಗಿ ಚೀಲದಲ್ಲಿ ಸಿಕ್ಕಿಕೊಳ್ಳುತ್ತೆ, ಅಲ್ಲೇ ಕೀವಾಗುತ್ತೆ." ಈ ಮಾತು ನಿಮ್ಮ ಪಕ್ಕದ ಮನೆಯವರು ಹುಟ್ಟಿಸಿದ್ದಲ್ಲ, ಹಿಂದೆ ವೈದ್ಯರೇ ಹೇಳುತ್ತಿದ್ದರು. ಕೇಳಲು ಸರಿ ಅನ್ನಿಸುತ್ತದೆ ಕೂಡ. ಆದರೆ ಅದು ಬರೀ ಊಹೆಯಾಗಿತ್ತು. ಅಮೆರಿಕದಲ್ಲಿ ಈ ಕಾಯಿಲೆ ಇಲ್ಲದ 47 ಸಾವಿರಕ್ಕೂ ಹೆಚ್ಚು ಗಂಡಸರ ಊಟ, ಆರೋಗ್ಯ ಎರಡನ್ನೂ 18 ವರ್ಷ ಗಮನಿಸಿದರು. ಫಲಿತಾಂಶ ಬಂದದ್ದು 2008ರಲ್ಲಿ. ಬಾದಾಮಿ, ಗೋಡಂಬಿಯಂಥವನ್ನು ವಾರಕ್ಕೆ ಎರಡು ಸಲವಾದರೂ ತಿಂದವರಿಗೆ, ಅಪರೂಪಕ್ಕೆ ತಿಂದವರಿಗಿಂತ ಈ ಉರಿಯೂತ ಸುಮಾರು ಶೇ 20ರಷ್ಟು ಕಡಿಮೆ ಇತ್ತು! ಪಾಪ್‌ಕಾರ್ನ್ ತಿಂದವರಲ್ಲೂ ಕಡಿಮೆಯೇ. ಒಮ್ಮೆ ಉರಿಯೂತ ಬಂದುಹೋದವರಿಗೂ ಇವನ್ನು ಬಿಡಿಸಬೇಕಿಲ್ಲ ಎಂದು ಅಲ್ಲಿನ ಗ್ಯಾಸ್ಟ್ರೋಎಂಟರಾಲಜಿ (ಹೊಟ್ಟೆ, ಕರುಳಿನ) ವೈದ್ಯರ ಸಂಘ 2015ರಲ್ಲೇ ಹೇಳಿದೆ. ಇಷ್ಟಾದರೂ ಟೊಮೆಟೊ ಬೀಜ ಸೋಸಿ ಸಾರು ಮಾಡುವ ಮನೆಗಳಿವೆ. ದಯವಿಟ್ಟು ಬಿಡಿ.

ನನಗೆ ಸಂಕಟ ಆಗುವುದು ಇದಕ್ಕೆ. ಬೀಜಕ್ಕೆ ಹೆದರಿದವರು ಮೆಲ್ಲಗೆ ಅವರೆಕಾಳು ಬಿಡುತ್ತಾರೆ, ಸೀಬೆ ಬಿಡುತ್ತಾರೆ, ಕೊನೆಗೆ ಬಿಳಿ ಅನ್ನ, ಬ್ರೆಡ್ಡಿಗೆ ಬಂದು ನಿಲ್ಲುತ್ತಾರೆ. ಕರುಳಿಗೆ ಬೇಕಾದ ನಾರೇ ಹೋಯಿತಲ್ಲ! ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಇರಲಿ. ನಾರು ನಿಧಾನವಾಗಿ ಹೆಚ್ಚಿಸಿ, ಜೊತೆಗೆ ನೀರು ಕುಡಿಯಿರಿ. ಉರಿಯೂತ ಎದ್ದ ದಿನಗಳಲ್ಲಿ ಮಾತ್ರ ತಿಳಿಗಂಜಿಯಂಥ ಹಗುರ ಆಹಾರ, ಅದೂ ವೈದ್ಯರು ಹೇಳಿದಷ್ಟು ದಿನ. ಜ್ವರ, ಬಿಡದ ನೋವು, ಮಲದಲ್ಲಿ ರಕ್ತ ಕಂಡರೆ ತಡ ಮಾಡಬೇಡಿ. ಏಷ್ಯಾದವರಲ್ಲಿ ಬಲಗಡೆ ಚೀಲಗಳೂ ಸಾಮಾನ್ಯ, ಹಾಗಾಗಿ ನೋವು ಅಪೆಂಡಿಕ್ಸ್ ಥರವೇ ಕಾಣಬಹುದು.

ಯಾರೂ ಕೇಳದ ಇನ್ನೊಂದು ವಿಷಯ ಇದೆ: ಮಂಡಿನೋವಿನ ಮಾತ್ರೆ. ಕಡಲೆಕಾಯಿಗೆ ಹೆದರುವವರೇ ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ಸುಮ್ನೆ ನುಂಗುತ್ತಾರೆ. ಉರಿಯೂತ, ರಕ್ತಸ್ರಾವ ಎರಡರ ಅಪಾಯವನ್ನೂ ಹೆಚ್ಚಿಸುವುದು ಈ ಮಾತ್ರೆಗಳು. ಸಿಗರೇಟಿನಿಂದಲೂ ಉರಿಯೂತದ ಅಪಾಯ ಹೆಚ್ಚು. ಪ್ಯಾರಾಸಿಟಮಾಲ್ ಸಾಕಾಗುತ್ತದಾ ಎಂದು ನಿಮ್ಮ ವೈದ್ಯರನ್ನು ಕೇಳಿ. ಹೃದಯಕ್ಕೆಂದು ಕೊಟ್ಟಿರುವ ಆಸ್ಪಿರಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.