ಕ್ವಿಯರ್ ಅಫರ್ಮೇಟಿವ್ ಥೆರಪಿ: ಆನ್‌ಲೈನ್‌ನಲ್ಲಿ ಶುರು ಮಾಡುವವರಿಗೆ

ನಿದ್ದೆ ಬರುತ್ತಿಲ್ಲ ಎಂದು ಒಬ್ಬರು ಕೌನ್ಸೆಲರ್ ಹತ್ತಿರ ಹೋಗುತ್ತಾರೆ ಅಂದುಕೊಳ್ಳಿ. ಮಾತಿನ ನಡುವೆ ತಾನು ಗೇ ಎಂದು ಹೇಳುತ್ತಾರೆ. ಅಲ್ಲಿಗೆ ನಿದ್ದೆಯ ಮಾತು ಮುಗಿಯಿತು. ‘ಯಾವಾಗಿಂದ ಹೀಗೆ?’, ‘ಚಿಕ್ಕಂದಿನಲ್ಲಿ ಅಪ್ಪ ಹತ್ತಿರ ಇರಲಿಲ್ವಾ?’, ‘ಹುಡುಗಿಯರ ಜೊತೆ ಮಾತಾಡಿ ನೋಡಿದ್ದೀರಾ?’ ಅಂತ ಪ್ರಶ್ನೆಗಳು ಶುರುವಾಗುತ್ತವೆ. ಗಂಟೆ ಮುಗಿಯುತ್ತದೆ. ಫೀಸು ಕೊಟ್ಟದ್ದೂ ಆಯಿತು. ನಿದ್ದೆ ಮಾತ್ರ ಹಾಗೇ ಬಾಕಿ.

ಅಫರ್ಮಿಂಗ್ ಥೆರಪಿಸ್ಟ್ ಹತ್ತಿರ ಆ ಗಂಟೆ ನಿದ್ದೆಗೇ ಸಿಗುತ್ತದೆ. ಗೇ, ಲೆಸ್ಬಿಯನ್, ಬೈಸೆಕ್ಷುವಲ್, ಟ್ರಾನ್ಸ್ ಆಗಿರುವುದು ರೋಗವಲ್ಲ, ಬಾಲ್ಯದ ಯಾವುದೋ ಗಾಯದ ಫಲವಲ್ಲ, ದಾಟಿಹೋಗುವ ವಯಸ್ಸಿನ ಹುಚ್ಚೂ ಅಲ್ಲ ಎಂಬುದನ್ನು ಒಪ್ಪಿಕೊಂಡೇ ಅವರು ಕೆಲಸ ಶುರು ಮಾಡುತ್ತಾರೆ. ನೀವು ಯಾರು ಅನ್ನುವುದು ಅಲ್ಲಿ ವಿಚಾರಣೆಗೆ ಬರುವುದಿಲ್ಲ. ಇಂಥವರನ್ನೆಲ್ಲ ಒಟ್ಟಾಗಿ ಕ್ವಿಯರ್ ಅನ್ನುತ್ತಾರೆ, ಅಫರ್ಮ್ ಮಾಡುವುದು ಅಂದರೆ ಇದ್ದ ಹಾಗೇ ಒಪ್ಪಿಕೊಳ್ಳುವುದು. ಕ್ವಿಯರ್ ಅಫರ್ಮೇಟಿವ್ ಥೆರಪಿಯ ಬುಡ ಇಷ್ಟೇ.

ಇದು ಒಬ್ಬೊಬ್ಬ ಥೆರಪಿಸ್ಟ್‌ನ ಒಳ್ಳೆಯತನಕ್ಕೆ ಬಿಟ್ಟ ವಿಷಯ ಅಲ್ಲ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರಲ್ಲಿ. ಟ್ರಾನ್ಸ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟ, ಅದೇ ಸಂಸ್ಥೆಯ ಹೊಸ ಪಟ್ಟಿ ಜಾರಿಗೆ ಬಂದದ್ದು 2022ರಲ್ಲಿ. ನಮ್ಮಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ನಿನ ಹಲ್ಲನ್ನು ಸುಪ್ರೀಂ ಕೋರ್ಟ್ ಕಿತ್ತದ್ದು 2018ರ ಸೆಪ್ಟೆಂಬರ್ 6ರಂದು. ಭಾರತೀಯ ಮನೋವೈದ್ಯರ ಸಂಘವೂ ಅದೇ ವರ್ಷ ಸಲಿಂಗಕಾಮ ಕಾಯಿಲೆಯಲ್ಲ ಎಂದು ಹೇಳಿತು.

ನನಗೆ ಜಾಸ್ತಿ ಇಷ್ಟವಾಗುವುದು ಮದ್ರಾಸ್ ಹೈಕೋರ್ಟಿನ ಕತೆ. ಒಬ್ಬರನ್ನೊಬ್ಬರು ಪ್ರೀತಿಸಿ ಮನೆಬಿಟ್ಟು ಬಂದ ಇಬ್ಬರು ಯುವತಿಯರ ಕೇಸು ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂತು. ಈ ವಿಷಯ ತನಗೇ ಸರಿಯಾಗಿ ಗೊತ್ತಿಲ್ಲ ಎಂದು ಒಪ್ಪಿಕೊಂಡು, ಅವರು ಸ್ವತಃ ಒಬ್ಬ ಮನಶ್ಶಾಸ್ತ್ರಜ್ಞರ ಬಳಿ ಕೂತು ತಿಳಿದುಕೊಂಡರು. ಆಮೇಲೆ 2021ರ ಜೂನ್‌ನಲ್ಲಿ, ಇಂಥವರನ್ನು ‘ಬದಲಾಯಿಸುವ’ ಚಿಕಿತ್ಸೆ ಮಾಡಕೂಡದು ಎಂದು ಆದೇಶ ಕೊಟ್ಟರು. ಅದರ ಬೆನ್ನಿಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದಿತು. ಆದರೆ ಆ ಆಯೋಗದ ಮಾತು ನಡೆಯುವುದು ವೈದ್ಯರ ಮೇಲೆ ಮಾತ್ರ. ‘ಲೈಫ್ ಕೋಚ್’ ಎಂದು ಬೋರ್ಡು ಹಾಕಿಕೊಂಡವರ ಮೇಲಲ್ಲ. ಇದು ನೆನಪಿರಲಿ.

ಕೆಲವರು ‘ನನಗೆ ಎಲ್ಲರೂ ಒಂದೇ, ನಾನು ಯಾರಲ್ಲೂ ಭೇದ ಮಾಡಲ್ಲ’ ಅನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಸಾಲದು. ಆಫೀಸಿನಲ್ಲಿ ಪ್ರತಿ ಸೋಮವಾರ ‘ವೀಕೆಂಡ್ ಏನ್ ಮಾಡಿದ್ರಿ’ ಅಂದಾಗ ಅರ್ಧ ಸುಳ್ಳು ಹೇಳಬೇಕು. ಊರಿಗೆ ಹೋದಾಗಲೆಲ್ಲ ‘ಮದುವೆ ಊಟ ಯಾವಾಗ ಹಾಕಿಸ್ತೀಯಾ’ ಅಂತ ಕೇಳಿಸಿಕೊಳ್ಳಬೇಕು. ಫೋನನ್ನು ಯಾವಾಗಲೂ ಬೋರಲಾಗಿಯೇ ಇಡಬೇಕು. ಇವೆಲ್ಲ ವರ್ಷಗಟ್ಟಲೆ ಸೇರಿದರೆ ಮೈಮನಸ್ಸು ದಣಿಯದೆ ಇರುತ್ತದಾ? ಇದಕ್ಕೆ ‘ಮೈನಾರಿಟಿ ಸ್ಟ್ರೆಸ್’ ಅನ್ನುತ್ತಾರೆ. ಇಲಾನ್ ಮೇಯರ್ ಎಂಬ ಸಂಶೋಧಕರು ಇದರ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಅಫರ್ಮಿಂಗ್ ಥೆರಪಿಸ್ಟ್ ಈ ದಣಿವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಿಮ್ಮ ಆತಂಕದಲ್ಲಿ ಎಷ್ಟು ಪಾಲು ನಿಮ್ಮ ಸ್ವಭಾವದ್ದು, ಎಷ್ಟು ಪಾಲು ಸುತ್ತಲಿನ ಒತ್ತಡದ್ದು ಎಂದು ನಿಮ್ಮ ಜೊತೆ ಕೂತು ಬಿಡಿಸುತ್ತಾರೆ. ಜಾತಿ, ಧರ್ಮ, ದುಡ್ಡಿನ ಒತ್ತಡಗಳೂ ಅದರೊಳಗೆ ಬರುತ್ತವೆ.

ಹಾಗಂತ ಹೇಳಿದ್ದಕ್ಕೆಲ್ಲ ಅವರು ತಲೆಯಾಡಿಸುವುದಿಲ್ಲ. ನೀವು ಕುಡಿಯುವುದು ಜಾಸ್ತಿಯಾಗಿದ್ದರೆ ಕೇಳುತ್ತಾರೆ. ಸಂಗಾತಿಯನ್ನು ನೀವೇ ನೋಯಿಸುತ್ತಿದ್ದರೆ ಅದನ್ನೂ ಎತ್ತುತ್ತಾರೆ. ‘ಮನೆಯಲ್ಲಿ ಹೇಳಿಬಿಡಿ’ ಎಂದು ದೂಡುವುದು ಕೂಡ ಅವರ ಕೆಲಸವಲ್ಲ. ಹಾಗೆ ದೂಡುವವರು ನಮ್ಮ ಮನೆಗಳ ಒಳಗನ್ನು ನೋಡಿಲ್ಲ ಅಂತಲೇ ನನಗನಿಸುತ್ತದೆ. ತಂಗಿಯ ಮದುವೆ, ಅಮ್ಮನ ಬಿಪಿ, ಆಸ್ತಿಯ ಪಾಲು, ಇರುವುದಕ್ಕೆ ಬೇರೆ ಮನೆ ಇದೆಯೋ ಇಲ್ಲವೋ, ಇಷ್ಟನ್ನೂ ತೂಗಿ ನೋಡಿದ ಮೇಲೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಇನ್ನು ಹುಡುಕುವ ವಿಷಯ. ಇಂಥ ಥೆರಪಿಸ್ಟ್‌ಗಳು ಜಾಸ್ತಿ ಸಿಗುವುದು ಬೆಂಗಳೂರು, ಮುಂಬೈಯಂಥ ಊರುಗಳಲ್ಲಿ. ಹಾವೇರಿಯಲ್ಲೋ ಯಾದಗಿರಿಯಲ್ಲೋ ಇರುವವರಿಗೆ ಆನ್‌ಲೈನ್ ಬೇಕಾಗುವುದು ಅದಕ್ಕೇ. ಊರಿನ ಕ್ಲಿನಿಕ್ಕಿನ ಮುಂದೆ ಸ್ಕೂಟರ್ ನಿಲ್ಲಿಸಿದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುವ ಕಡೆಗಳಲ್ಲಂತೂ ಬೇರೆ ದಾರಿಯೇ ಇಲ್ಲ. ಪ್ರೊಫೈಲಿನಲ್ಲಿ ಕಾಮನಬಿಲ್ಲಿನ ಬಾವುಟ ಇದ್ದ ಮಾತ್ರಕ್ಕೆ ನಂಬಬೇಡಿ. ಓದು ಏನು, ತರಬೇತಿ ಎಲ್ಲಿ ಎಂದು ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮೇಲೆ ಮನೋವೈದ್ಯಕೀಯ ಓದಿದವರು, ಮಾತ್ರೆ ಬರೆಯಬಲ್ಲವರು. ಕೌನ್ಸೆಲರ್‌ಗಳ ಓದು ಒಬ್ಬೊಬ್ಬರದು ಒಂದೊಂದು ಥರ. ಮುಂಬೈಯ ಮರಿವಾಲಾ ಹೆಲ್ತ್ ಇನಿಶಿಯೇಟಿವ್ ಕ್ವಿಯರ್ ಅಫರ್ಮೇಟಿವ್ ಕೌನ್ಸೆಲಿಂಗ್‌ನ ಕೋರ್ಸನ್ನೇ ನಡೆಸುತ್ತದೆ. ಅಂಥದ್ದೊಂದನ್ನು ಮಾಡಿದವರು ಸಿಕ್ಕರೆ ಅರ್ಧ ಚಿಂತೆ ಕಡಿಮೆ.

ಅನೇಕರು ಮೊದಲು ಹತ್ತು ಹದಿನೈದು ನಿಮಿಷದ ಪರಿಚಯದ ಕರೆ ಇಡುತ್ತಾರೆ. ಅದು ಅವರು ನಿಮ್ಮನ್ನು ನೋಡುವುದಕ್ಕೆ ಎಷ್ಟೋ, ನೀವು ಅವರನ್ನು ನೋಡುವುದಕ್ಕೂ ಅಷ್ಟೇ. ಹಿಂಜರಿಯದೆ ಕೇಳಿ: ಮುಂಚೆ ಕ್ವಿಯರ್ ಜನರ ಜೊತೆ ಕೆಲಸ ಮಾಡಿದ್ದೀರಾ? ನಮ್ಮ ಅಪ್ಪ ನಿಮಗೆ ಫೋನ್ ಮಾಡಿದರೆ ಏನು ಹೇಳುತ್ತೀರಿ? ಈ ಎರಡನೇ ಪ್ರಶ್ನೆಗೆ ಬರುವ ಉತ್ತರದಲ್ಲೇ ಮುಕ್ಕಾಲು ಭಾಗ ಗೊತ್ತಾಗುತ್ತದೆ. ‘ನಿಮ್ಮನ್ನು ಕೇಳದೆ ಒಂದು ಮಾತೂ ಆಡುವುದಿಲ್ಲ, ನೀವು ನನ್ನ ಬಳಿ ಬರುತ್ತೀರಿ ಅನ್ನುವುದನ್ನೂ ಹೇಳುವುದಿಲ್ಲ’ ಅಂದರೆ ಸರಿ. ‘ಪಾಪ, ಅವರಿಗೂ ಗೊತ್ತಿರಬೇಕಲ್ವಾ’ ಅಂತ ಶುರು ಮಾಡಿದರೆ ಬೇರೆಯವರನ್ನು ನೋಡಿ.

ಆಮೇಲೆ ಒಂದು ಫಾರಂ ಬರುತ್ತದೆ. ಹೆಸರಿನ ಜಾಗದಲ್ಲಿ ನಿಮ್ಮನ್ನು ಏನೆಂದು ಕರೆಯಬೇಕು ಎಂದೂ ಕೇಳಿರುತ್ತಾರೆ. ಆಧಾರ್‌ನಲ್ಲಿ ಇರುವ ಹೆಸರೇ ಆಗಬೇಕಿಲ್ಲ. ತುರ್ತು ಸಂಪರ್ಕಕ್ಕೆ ಯಾರು ಎಂಬ ಸಾಲಿನಲ್ಲಿ ಬಹಳ ಜನ ತಡವರಿಸುತ್ತಾರೆ. ಅಲ್ಲಿ ಅಪ್ಪ ಅಮ್ಮನೇ ಇರಬೇಕು ಅಂತೇನಿಲ್ಲ. ನಿಮ್ಮ ವಿಷಯ ಗೊತ್ತಿರುವ ಗೆಳತಿಯೋ ಗೆಳೆಯನೋ ಆಗಬಹುದು. ಯಾವ ಸಂದರ್ಭದಲ್ಲಿ ಅವರಿಗೆ ಕರೆ ಹೋಗುತ್ತದೆ, ಆಗ ಏನನ್ನು ಹೇಳುತ್ತೀರಿ ಎಂದು ಮೊದಲೇ ಮಾತಾಡಿಕೊಳ್ಳಿ.

ಗುಟ್ಟು ಕಾಯುವುದು ಕಾನೂನಿನಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮಗೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಲೈಂಗಿಕತೆಯ ಕಾರಣಕ್ಕೆ ಭೇದ ಮಾಡಬಾರದು ಎಂದೂ ಹೇಳುತ್ತದೆ. ಗೋಪ್ಯತೆಗೆ ಎಲ್ಲೆಯೂ ಇದೆ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದರೆ ಥೆರಪಿಸ್ಟ್ ಬೇರೆಯವರನ್ನು ಸಂಪರ್ಕಿಸಬಹುದು. ಹದಿನೆಂಟು ತುಂಬದವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ಪೋಕ್ಸೋ ಕಾಯ್ದೆಯಡಿ ತಿಳಿಸಲೇಬೇಕು. ಆ ಕಾಯ್ದೆಯ ಕಣ್ಣಿನಲ್ಲಿ ಹದಿನೇಳರವರ ಪ್ರೇಮಸಂಬಂಧವೂ ಅಪರಾಧ ಆಗಬಹುದು. ಹದಿನೆಂಟರೊಳಗಿನವರು ಈ ಎಲ್ಲೆಗಳನ್ನು ಮೊದಲ ದಿನವೇ ಕೇಳಿಕೊಳ್ಳುವುದು ಒಳ್ಳೆಯದು.

ಆದರೆ ನಿಜ ಹೇಳಬೇಕೆಂದರೆ, ಗುಟ್ಟು ಒಡೆಯುವುದು ಥೆರಪಿಸ್ಟ್ ಕಡೆಯಿಂದಲ್ಲ, ನಮ್ಮ ಮನೆಯ ಗೋಡೆಗಳಿಂದ. ಎರಡು ಕೋಣೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ‘ಯಾಕೆ ಬಾಗಿಲು ಹಾಕ್ಕೊಂಡೆ’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಜನ ದಾರಿ ಹುಡುಕಿಕೊಂಡಿದ್ದಾರೆ. ನಿಲ್ಲಿಸಿದ ಕಾರಿನಲ್ಲಿ ಕೂತು ಮಾತಾಡುವವರಿದ್ದಾರೆ. ಟೆರೇಸು, ಗೆಳೆಯರ ರೂಮು, ಆಫೀಸಿನ ಮೀಟಿಂಗ್ ರೂಮು, ಯಾವುದಾದರೂ ಆದೀತು. ಇಯರ್‌ಫೋನ್ ಹಾಕಿದರೆ ಅವರ ಮಾತು ಹೊರಗೆ ಕೇಳಿಸದು. ನಿಮ್ಮ ಮಾತು ಕೇಳಿಸುತ್ತದೆ. ಅಂಥ ಹೊತ್ತಿನಲ್ಲಿ ಚಾಟ್‌ನಲ್ಲಿ ಟೈಪ್ ಮಾಡಬಹುದು. ಯಾರಾದರೂ ಒಳಗೆ ಬಂದರೆ ಹೇಳುವುದಕ್ಕೆ ಒಂದು ಗುರುತಿನ ಮಾತು ಇಟ್ಟುಕೊಳ್ಳಿ. ‘ಪ್ರಾಜೆಕ್ಟ್ ಫೈಲ್ ಕಳಿಸ್ತೀನಿ’ ಅಂದರೆ ಅವರೂ ಆಫೀಸಿನ ಮಾತಿಗೆ ತಿರುಗಬೇಕು. ನೆಟ್ ಹೋದರೆ ಯಾರು ಯಾರಿಗೆ ಫೋನ್ ಮಾಡುವುದು ಎಂದೂ ಮೊದಲೇ ಗೊತ್ತಿರಲಿ. ಯುಪಿಐನಲ್ಲಿ ದುಡ್ಡು ಕಳಿಸಿದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹೆಸರು ಬರುತ್ತದೆ. ಫೋನಿನ ಪರದೆ ಮೇಲೆ ಅಪಾಯಿಂಟ್‌ಮೆಂಟ್ ನೆನಪಿಸುವ ಮೆಸೇಜು ಕಾಣಿಸುತ್ತದೆ. ಮನೆಯವರ ಜೊತೆ ಫೋನೋ ಅಕೌಂಟೋ ಹಂಚಿಕೊಂಡಿದ್ದರೆ ಇದನ್ನೂ ಯೋಚಿಸಬೇಕು.

ಸೆಷನ್ ಸಾಮಾನ್ಯವಾಗಿ ಐವತ್ತು ನಿಮಿಷದಿಂದ ಒಂದು ಗಂಟೆ, ವಾರಕ್ಕೊಮ್ಮೆ. ಮೊದಲ ಒಂದೆರಡು ಸೆಷನ್ ಸುಮ್ನೆ ಮಾಹಿತಿ ಕೊಟ್ಟ ಹಾಗೆ ಅನಿಸುತ್ತದೆ. ಮನೆ, ಓದು, ಕೆಲಸ, ನಿದ್ದೆ, ಊಟ, ಈಗ ಬಂದ ಕಾರಣ. ಕೆಲವರಿಗೆ ಮುಗಿದ ಮೇಲೆ ಹಗುರ ಅನಿಸಿದರೆ, ಕೆಲವರಿಗೆ ತಲೆ ಭಾರವಾಗುತ್ತದೆ. ಸೆಷನ್ ಮುಗಿದ ಕೂಡಲೇ ಹೊರಗೆ ಹೋಗಿ ಅಮ್ಮನ ಜೊತೆ ಹುರುಳಿಕಾಯಿ ಸೋಸುತ್ತಾ ಕೂರುವುದು ಕಷ್ಟ. ನಡುವೆ ಹತ್ತು ನಿಮಿಷ ಇಟ್ಟುಕೊಂಡರೆ ಒಳ್ಳೆಯದು. ಫೀಸು ಜಾಸ್ತಿ ಅನಿಸಿದರೆ ಕಡಿಮೆ ಮಾಡಿಕೊಳ್ಳುತ್ತೀರಾ ಎಂದು ಕೇಳಿ. ಆದಾಯ ನೋಡಿ ಫೀಸು ಇಳಿಸುವವರು ಇದ್ದಾರೆ. ಅದರಲ್ಲಿ ನಾಚಿಕೆ ಏನಿಲ್ಲ.

ಭಾಷೆಯ ತೊಡಕು ಇದ್ದೇ ಇದೆ. ಕನ್ನಡದಲ್ಲಿ ಮಾಡುವ ಅಫರ್ಮಿಂಗ್ ಥೆರಪಿಸ್ಟ್‌ಗಳು ಇನ್ನೂ ಕಡಿಮೆ. ಎಷ್ಟೋ ಜನ ಅಪ್ಪನ ಮೇಲಿನ ಸಿಟ್ಟನ್ನು ಕನ್ನಡದಲ್ಲೂ, ಪ್ರೀತಿ ಮತ್ತು ಮೈಯ ವಿಷಯಗಳನ್ನು ಇಂಗ್ಲಿಷಿನಲ್ಲೂ ಹೇಳುತ್ತಾರೆ. ಎರಡೂ ಅರ್ಥವಾಗುವ ಥೆರಪಿಸ್ಟ್ ಸಿಕ್ಕರೆ ಬೆರೆಸಿಯೇ ಮಾತಾಡಿ. ಸಂಗಾತಿಯನ್ನು ಕೆಲವು ವಾರ ‘ಅವರು’ ಎಂದಷ್ಟೇ ಹೇಳಿದರೂ ಒಳ್ಳೆಯ ಥೆರಪಿಸ್ಟ್ ಕೆದಕುವುದಿಲ್ಲ.

ಟ್ರಾನ್ಸ್ ಜನರಿಗೆ ಹಾರ್ಮೋನಿಗೋ ಸರ್ಜರಿಗೋ ಥೆರಪಿಸ್ಟ್‌ನಿಂದ ಪತ್ರ ಬೇಕಾಗಿ ಬರುವುದೂ ಉಂಟು. ಎಲ್ಲ ಥೆರಪಿಸ್ಟ್‌ಗಳ ಪತ್ರವನ್ನೂ ಡಾಕ್ಟರುಗಳು ಒಪ್ಪುವುದಿಲ್ಲ. ಸಾಮಾನ್ಯವಾಗಿ ಸೈಕಿಯಾಟ್ರಿಸ್ಟ್ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬರೆದದ್ದು ಬೇಕು. ಪತ್ರಕ್ಕಾಗಿಯೇ ಬಂದಿದ್ದರೆ ಮೊದಲ ಕರೆಯಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ತಿಂಗಳುಗಟ್ಟಲೆ ಕಳೆದ ಮೇಲೆ ಇನ್ನೊಬ್ಬರ ಹತ್ತಿರ ಮತ್ತೆ ಮೊದಲಿಂದ ಹೇಳಬೇಕಾಗುತ್ತದೆ.

ಆನ್‌ಲೈನ್‌ಗೆ ಆಗದ ಕೆಲಸಗಳೂ ಇವೆ. ಕೆಲವು ಮಾತ್ರೆಗಳನ್ನು ವಿಡಿಯೋ ಕರೆಯಲ್ಲಿ ನೋಡಿ ಬರೆಯುವಂತಿಲ್ಲ. ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ, ಕೂಡಿಹಾಕಿದ್ದರೆ, ವಾರಕ್ಕೊಂದು ಕರೆ ಸಾಲದು, ಬೇರೆ ಸಹಾಯ ಬೇಕು. ಸಾಯಬೇಕು ಅನಿಸುವ ರಾತ್ರಿ ಮುಂದಿನ ಗುರುವಾರದ ಸೆಷನ್ನಿಗೆ ಕಾಯಬಾರದು. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಮೂರು ನಾಲ್ಕು ಸೆಷನ್ ಆದ ಮೇಲೂ ನಿಮ್ಮ ಬದುಕನ್ನು ಅವರಿಗೆ ಪಾಠ ಹೇಳಿಕೊಡುವುದರಲ್ಲೇ ಹೊತ್ತು ಹೋಗುತ್ತಿದ್ದರೆ ಅದನ್ನು ನೇರವಾಗಿ ಹೇಳಿ. ತಿದ್ದಿಕೊಳ್ಳುವವರು ತಿದ್ದಿಕೊಳ್ಳುತ್ತಾರೆ. ಇಲ್ಲದಿದ್ದರೆ ಬದಲಾಯಿಸಿ, ಕಾರಣ ಕೊಡಲೇಬೇಕು ಅಂತೇನಿಲ್ಲ. ಒಂದು ಮೆಸೇಜು ಸಾಕು. ಹೋಗುವಾಗ ನಿಮ್ಮ ದಾಖಲೆ ಕೇಳಿ ಪಡೆದುಕೊಳ್ಳಿ, ಅದೂ ಅದೇ 2017ರ ಕಾಯ್ದೆ ಕೊಟ್ಟ ಹಕ್ಕು. ಹೊಸಬರಿಗೆ ಅದನ್ನು ಕೊಟ್ಟರೆ ಮೊದಲ ಎರಡು ಸೆಷನ್ ಉಳಿಯುತ್ತದೆ.