ನೈಲ್ ನದಿಗೆ ಒಂದು ಅಳತೆಗೋಲು

ಕೈರೋದ ರೋಡಾ ದ್ವೀಪದ ದಕ್ಷಿಣ ತುದಿಯಲ್ಲಿ, ನೈಲ್ ನದಿಯ ಅಂಚಿಗೇ, ಚೂಪು ಟೋಪಿ ಹಾಕಿಕೊಂಡ ಕಟ್ಟಡವೊಂದಿದೆ. ಹೊರಗಿನಿಂದ ನೋಡಿದರೆ ಯಾರದೋ ಗೋರಿ ಅನ್ನಿಸುತ್ತದೆ. ಒಳಗೆ ಕಾಲಿಟ್ಟರೆ ನೆಲವೇ ಇಲ್ಲ! ಕಲ್ಲು ಕಟ್ಟಿದ ಆಳವಾದ ಬಾವಿ, ಗೋಡೆಗುಂಟ ಇಳಿಯುವ ಮೆಟ್ಟಿಲು, ನಟ್ಟನಡುವೆ ಎಂಟು ಮುಖದ ಅಮೃತಶಿಲೆಯ ಕಂಬ. ಕಂಬದ ಮೈತುಂಬ ಮೊಳಗಳ ಗೆರೆ. ಇದೇ ನೈಲೋಮೀಟರ್, ಅಂದರೆ ನೈಲ್ ನೀರಿನ ಮಟ್ಟ ಅಳೆಯುವ ಸಾಧನ. ಕ್ರಿ.ಶ. 861ರಲ್ಲಿ ಖಲೀಫ ಅಲ್-ಮುತವಕ್ಕಿಲ್ ಕಟ್ಟಿಸಿದ್ದು. ಟೋಪಿ ಮಾತ್ರ ಈಚಿನದು.

ನೈಲ್ ಪ್ರವಾಹ ಅಂದ ಕೂಡಲೇ ನದಿಗೆ ಕನ್ಯೆಯನ್ನು ಬಲಿ ಕೊಡುತ್ತಿದ್ದ ಕತೆ ಹೇಳುವವರೇ ಜಾಸ್ತಿ. ಈ ಕಂಬದ ಸುದ್ದಿ ಯಾರೂ ಎತ್ತುವುದಿಲ್ಲ. ಪ್ರವಾಹ ಬರುತ್ತಿದ್ದದ್ದು ಇಥಿಯೋಪಿಯಾದ ಬೆಟ್ಟಗಳ ಮಳೆಯಿಂದ, ಅದೂ ಹೆಚ್ಚುಕಡಿಮೆ ನಮ್ಮ ಮುಂಗಾರಿನ ತಿಂಗಳುಗಳಲ್ಲೇ.

ಹೊಳೆಯಲ್ಲೇ ಒಂದು ಕೋಲು ನೆಟ್ಟರೆ ಸಾಲದೇ? ಸಾಲದು. ಗಾಳಿ, ದೋಣಿ, ಅಲೆ ಸೇರಿ ನೀರನ್ನು ಸುಮ್ನೆ ನಿಲ್ಲಲು ಬಿಡುವುದಿಲ್ಲ. ಯಾವ ಗೆರೆಯನ್ನು ಬರೆದುಕೊಳ್ಳುವುದು? ಅದಕ್ಕೇ ಈ ಬಾವಿ. ನದಿಯಿಂದ ಇದಕ್ಕೆ ಬೇರೆ ಬೇರೆ ಎತ್ತರದಲ್ಲಿ ಮೂರು ಸುರಂಗಗಳಿದ್ದವು. ಅಲೆಯೊಂದು ಏರಿ ಇಳಿಯಲು ಕೆಲವೇ ಸೆಕೆಂಡು ಸಾಕು. ಅಷ್ಟರಲ್ಲಿ ಕಿರಿದಾದ ಸುರಂಗದಲ್ಲಿ ಬರುವ ಚೂರು ನೀರು ಇಡೀ ಬಾವಿಯನ್ನು ಅಲ್ಲಾಡಿಸಲಾರದು. ಪ್ರವಾಹ ಹಾಗಲ್ಲ, ದಿನಗಟ್ಟಲೆ ಏರುತ್ತದೆ. ಒಳಗಿನ ನೀರಿಗೆ ಜೊತೆಜೊತೆಗೇ ಏರಲು ಬೇಕಾದಷ್ಟು ಸಮಯ ಸಿಗುತ್ತದೆ. ಅಲೆಯ ಗದ್ದಲ ಹೊರಗೇ ಉಳಿಯಿತು, ನಿಜವಾದ ಏರಿಕೆ ಒಳಗೆ ಬಂತು. ನದಿಯ ಮಟ್ಟ ಅಳೆಯುವವರು ಈಗಲೂ ಇದೇ ಉಪಾಯ ಬಳಸುತ್ತಾರೆ.

ನೀರು 16 ಮೊಳ ಮುಟ್ಟಿದರೆ ಊರಿಗೆಲ್ಲ ಹಬ್ಬ. ಕಾಲುವೆಯ ಒಡ್ಡು ಕಡಿದು ನೀರು ಬಿಡುತ್ತಿದ್ದರು. ಖಜಾನೆಗೂ ಹಬ್ಬವೇ, ಏಕೆಂದರೆ ಕಂದಾಯ ನಿಂತಿದ್ದು ಈ ಗೆರೆಯ ಮೇಲೆ. ಬಿತ್ತುವ ಮೊದಲೇ ವಸೂಲಿಯ ಅಂದಾಜು ಸಿಗುತ್ತಿತ್ತು!

ಕಟ್ಟಡದ ಕೆಲಸ ನೋಡಿಕೊಂಡವನು ಖಗೋಳಶಾಸ್ತ್ರಜ್ಞ ಅಲ್-ಫರ್ಗಾನಿ. ಭೂಮಿಯ ಸುತ್ತಳತೆಗೆ ಇವನು ಕೊಟ್ಟ ಅರಬ್ ಮೈಲಿಗಳನ್ನು ಕೊಲಂಬಸ್ ಚಿಕ್ಕ ರೋಮನ್ ಮೈಲಿ ಅಂದುಕೊಂಡ. ಭೂಮಿ ಕುಗ್ಗಿತು, ಏಷ್ಯಾ ಹತ್ತಿರವಾಯಿತು. ಮುಂದಿನದು ಗೊತ್ತೇ ಇದೆ ಅಲ್ವಾ.

1970ರಲ್ಲಿ ಆಸ್ವಾನ್ ದೊಡ್ಡ ಅಣೆಕಟ್ಟು ಮುಗಿಯಿತು. ಪ್ರವಾಹವೂ ನಿಂತಿತು. ಆದರೆ ಕಂಬ ನೋಡಿ ಬರೆದಿಟ್ಟ ಶತಮಾನಗಳ ಲೆಕ್ಕ ಅಷ್ಟರೊಳಗೆ ಈಜಿಪ್ಟಿನಲ್ಲಿ ದುಡಿಯುತ್ತಿದ್ದ ಜಲತಜ್ಞ ಹೆರಾಲ್ಡ್ ಹರ್ಸ್ಟ್ ಕೈಗೆ ಸಿಕ್ಕಿತ್ತು. ಬರದ ವರ್ಷಗಳು ನಾಣ್ಯ ಚಿಮ್ಮಿದಂತೆ ಬಿಡಿಬಿಡಿಯಾಗಿ ಬೀಳುವುದಿಲ್ಲ, ಗುಂಪು ಕಟ್ಟಿಕೊಂಡು ಬರುತ್ತವೆ ಎಂದು 1951ರಲ್ಲಿ ಅವರು ತೋರಿಸಿದರು. ಹಾಗಾಗಿ ಬರಗಾಲ ದಾಟಿಸಬೇಕಾದ ಜಲಾಶಯ ಮಾಮೂಲಿ ಲೆಕ್ಕಕ್ಕಿಂತ ದೊಡ್ಡದಾಗಿಯೇ ಇರಬೇಕು.